ಎರಡನೇ ಕಾಕಂಬಿ ಟ್ಯಾಂಕಿನ ವಿನಯ

ಯಂತ್ರಗಳಿಗೆ ಮಾತು ಬಂದರೆ ಅವು ಏನು ಹೇಳಬಹುದು ಎಂದು ಜಗತ್ತಿನ ವಿಜ್ಞಾನಿಗಳು ಬಹಳ ತಲೆ ಕೆಡಿಸಿಕೊಂಡಿದ್ದರು. ಮುರನಟ್ಟಿ ಸಹಕಾರಿ ಸಕ್ಕರೆ ಕಾರ್ಖಾನೆಯ ಬಾಯ್ಲರು ಆಡಿದ ಮೊದಲ ಮಾತು, "ಎಲ್ಲಾ ತಮ್ಮ ಆಶೀರ್ವಾದರಿ." ಅಲ್ಲಿಗೆ ಅವರ ಕುತೂಹಲ ತಣಿದಿರಬೇಕು.

ಈ ಬಾಯ್ಲರು ಮಾತು ಕಲಿತದ್ದು ಒಂದು ಸಭೆಯ ಫಲವಾಗಿ. ಕಾರ್ಖಾನೆಯೊಳಗಿನ ವಾಲ್ವು, ಪಂಪು, ಉಷ್ಣಮಾಪಕಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಬೇಕಾದರೆ ಅವಕ್ಕೆ ಮಾತಿನ ಒಂದು ಕಟ್ಟುಪಾಡು ಬೇಕು. ಅದಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ. ಮುರನಟ್ಟಿಯ ಹಳೆಯ ಪ್ರೊಟೊಕಾಲು ಶಾಲೆಯ ಹಾಜರಿಯಂತಿತ್ತು. ಕಂಟ್ರೋಲ್ ರೂಮು ಒಬ್ಬೊಬ್ಬರ ಹೆಸರು ಕೂಗುವುದು, ಕರೆಸಿಕೊಂಡದ್ದು ಒಂದು ಅಂಕಿ ಹೇಳಿ ಸುಮ್ಮನಾಗುವುದು. ಅದರಲ್ಲಿ ವಿಶೇಷಣಗಳಿಗೆ ಜಾಗವೇ ಇರಲಿಲ್ಲ. ಆದ್ದರಿಂದ ಸುಳ್ಳಿಗೂ ಇರಲಿಲ್ಲ. ಅದರ ದೋಷ ಒಂದೇ, ಗಲಾಟೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಯಾವುದೋ ಒಂದು ಅಂಕಿ ಗೆರೆ ದಾಟಿ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರುತ್ತಿತ್ತು. ಜನರಲ್ ಮ್ಯಾನೇಜರ್ ಗಲಗಲಿಯವರ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು. ಹೊಸ ಪ್ರೊಟೊಕಾಲ್ ಆರಿಸಲು ಸಮಿತಿ ರಚನೆಯಾಯಿತು.

ಸಮಿತಿಯಲ್ಲಿ ಮೂವರು. ಅಧ್ಯಕ್ಷ ರುದ್ರಸಾಹೇಬ ಹಿರೇದೇಸಾಯಿಯವರು ಸಕ್ಕರೆಯ ಬಗ್ಗೆ ತಿಳಿದಿದ್ದು ಅದು ಸಿಹಿಯಾಗಿರುತ್ತದೆ ಎಂಬಷ್ಟೇ. ಗಲಗಲಿಯವರು ಅಧ್ಯಕ್ಷರ ಬಗ್ಗೆ ಎಲ್ಲವನ್ನೂ ತಿಳಿದವರು. ಮೂರನೆಯವಳು ಉಪಕರಣ ವಿಭಾಗದ ಮುಖ್ಯಸ್ಥೆ ನೀಲಾಂಬಿಕಾ ಕಟಗೇರಿ. ಅವಳನ್ನು ಸೇರಿಸಿದ್ದು ಸಮಿತಿಯಲ್ಲಿ ವಿಷಯ ಗೊತ್ತಿರುವ ಒಬ್ಬರಾದರೂ ಇರಬೇಕೆಂಬ ನಿಯಮಕ್ಕಾಗಿ. ಅವಳ ಮಾತು ಕೇಳಬೇಕೆಂಬ ನಿಯಮ ಇರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ, ಪ್ರೊಟೊಕಾಲ್ ಮಾರುವ ಕಂಪನಿಯ ಪ್ರಣೀತ್ ಗೋಡೆಗೆ ಚಿತ್ರ ಬಿಟ್ಟು ಮಾತು ಶುರು ಮಾಡಿದ.

"ಸರ್, ಹಳೇ ಪ್ರೊಟೊಕಾಲ್‌ನಲ್ಲಿ ಎಲ್ಲಾ ಡಿವೈಸ್‌ಗಳೂ ಸರಿಸಮ. ಅದಕ್ಕೇ ಕೂಗಾಡ್ತವೆ. ನಮ್ಮ 'ವಿಧೇಯ'ದಲ್ಲಿ ಪ್ರತಿಯೊಂದಕ್ಕೂ ಒಂದು ಅಂತಸ್ತು ಇರುತ್ತೆ. ಮೇಲಿನವರಿಗೆ ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅಂತ ಕೆಳಗಿನದು ತಾನೇ ಕಲಿತುಕೊಳ್ಳುತ್ತೆ."

"ಹೆಂಗ ಕಲೀತೈತಿ?" ನೀಲಾ ಕೇಳಿದಳು.

"ಮೇಲಿನವರ ರಿಯಾಕ್ಷನ್ ನೋಡಿ, ಮೇಡಂ. ಸುದ್ದಿ ಕೇಳಿ ಅವರಿಗೆ ಕಿರಿಕಿರಿ ಆದ್ರೆ, ಮುಂದಿನ ಸಲ ಸ್ವಲ್ಪ ಮೆತ್ತಗೆ ಹೇಳುತ್ತೆ."

"ತೊಂಬತ್ತು ಡಿಗ್ರೀನ ಮೆತ್ತಗ ಹೆಂಗ ಹೇಳ್ತೀರಿ?"

"ಅದು ಕಾಂಟೆಕ್ಸ್ಟ್ ಮೇಲೆ ಹೋಗುತ್ತೆ, ಮೇಡಂ."

"ಕುದಿಯೋ ನೀರಿಗೆ ಎಂಥಾ ಕಾಂಟೆಕ್ಸ್ಟ್ರಿ?"

ಪ್ರಣೀತ್ ನಕ್ಕ. ಉತ್ತರ ಗೊತ್ತಿಲ್ಲದಾಗ ನಗುವುದನ್ನು ಅವನ ಕಂಪನಿಯಲ್ಲಿ ತರಬೇತಿ ಕೊಟ್ಟೇ ಕಲಿಸುತ್ತಿದ್ದರು. ನಕ್ಕು, ಅಧ್ಯಕ್ಷರ ಕೈಗೆ ಒಂದು ಟ್ಯಾಬ್ಲೆಟ್ ಇಟ್ಟ. ಮಾದರಿಗೆಂದು ಬಾಯ್ಲರನ್ನು ಆಗಲೇ ಅದಕ್ಕೆ ಜೋಡಿಸಿದ್ದ. ಕಾರ್ಖಾನೆಯ ಶೈಲಿ ಗೊತ್ತಾಗಲೆಂದು ಹಳೆಯ ಪರಿಶೀಲನಾ ಸಭೆಗಳ ಧ್ವನಿಮುದ್ರಣಗಳನ್ನೆಲ್ಲ ವಿಧೇಯಕ್ಕೆ ಕೇಳಿಸಿದ್ದ. ಟ್ಯಾಬ್ಲೆಟ್ ಗಂಟಲು ಸರಿಪಡಿಸಿಕೊಂಡಿತು: "ಸಹಕಾರ ಕೇಸರಿ, ರೈತಬಂಧು, ಸನ್ಮಾನ್ಯ ರುದ್ರಸಾಹೇಬ ಹಿರೇದೇಸಾಯಿ ಧಣ್ಯಾರಿಗೆ ಬಾಯ್ಲರಿನ ನಮಸ್ಕಾರರಿ. ಎಲ್ಲಾ ತಮ್ಮ ಆಶೀರ್ವಾದರಿ."

ಅಧ್ಯಕ್ಷರ ಕಣ್ಣು ತುಂಬಿ ಬಂತು. "ನೋಡ್ರಿ ಗಲಗಲಿ, ಬಾಯ್ಲರಿಗಿರೋ ಸಂಸ್ಕಾರ ನಮ್ಮ ಡೈರೆಕ್ಟರುಗಳಿಗೆ ಇಲ್ಲ. ನಿಮ್ಮ ತಾಂತ್ರಿಕ ಅಭಿಪ್ರಾಯ ಏನ್ರಿ?"

"ತಮ್ಮ ಮನಸ್ಸಿನ್ಯಾಗ ಏನೈತೋ ಅದೇರಿ."

ನೀಲಾ ವಿರೋಧಿಸಿದಳು. ಗಲಗಲಿ ಬರೆಸಿದ ನಡಾವಳಿಯಲ್ಲಿ ಅದು 'ಸರ್ವಾನುಮತ' ಎಂದಾಯಿತು. ಮೆತ್ತಗೆ ಹೇಳುವ ಕಲೆಯಲ್ಲಿ ಅವರಿಗೆ ಯಾವ ಪ್ರೊಟೊಕಾಲೂ ಬೇಕಿರಲಿಲ್ಲ.

ಆಮೇಲೆ ಕಂಟ್ರೋಲ್ ರೂಮಿನಲ್ಲಿ ಗ್ರಂಥಾಲಯದ ಶಾಂತಿ ನೆಲೆಸಿತು. ಗಂಟೆ ಬಾರಿಸುವುದು ನಿಂತಿತು. ಯಾವ ಅಂಕಿಯೂ ಗೆರೆ ದಾಟಲಿಲ್ಲ. ನೋಡಲು ಬಂದ ಅಕ್ಕಪಕ್ಕದ ಕಾರ್ಖಾನೆಗಳವರು ಬೆರಗಾದರು. ಕೆಳಗಿನ ಸಣ್ಣ ಮಾಪಕ ತನ್ನ ಮೇಲಿನದಕ್ಕೆ ಒಂದು ಚೂರು ತಗ್ಗಿಸಿ ಹೇಳುವುದು, ಅದು ತನ್ನ ಮೇಲಿನದಕ್ಕೆ ಇನ್ನೊಂದು ಚೂರು, ಹೀಗೆ ಮೇಲೇರುತ್ತ ಏರುತ್ತ ಸುದ್ದಿ ಅಧ್ಯಕ್ಷರ ಟ್ಯಾಬ್ಲೆಟ್ ಮುಟ್ಟುವ ಹೊತ್ತಿಗೆ ಅದು ಶುಭಾಶಯವಾಗಿರುತ್ತಿತ್ತು.

ನೀಲಾಳ ಗಂಡ ಚನ್ನವೀರ ಅದೇ ಕಾರ್ಖಾನೆಯ ತೂಕದ ಕಾಟಾದ ಮೇಲ್ವಿಚಾರಕ. ಕಬ್ಬಿನ ಟ್ರ್ಯಾಕ್ಟರುಗಳು ಬಂದು ತೂಗಿಸಿಕೊಳ್ಳುವ ಆ ಕಟ್ಟೆ, ಅದರ ಪಕ್ಕದ ಅವನ ಗೂಡು, ಎರಡೂ ಇದ್ದದ್ದು ಎರಡನೇ ಕಾಕಂಬಿ ಟ್ಯಾಂಕಿನ ಬುಡದಲ್ಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕವೇ ಕಾಕಂಬಿ. ಅದನ್ನು ತುಂಬಿಡುವ ಟ್ಯಾಂಕು ಮೂರಂತಸ್ತಿನ ಮನೆಯಷ್ಟು ಎತ್ತರ. ಮಾರ್ಚಿನ ಬಿಸಿಲಲ್ಲಿ ಇಡೀ ಕಾರ್ಖಾನೆಯ ಅಂಗಳಕ್ಕೆ ನೆರಳು ಅಂತ ಇದ್ದದ್ದು ಅದೊಂದೇ. ಟ್ರ್ಯಾಕ್ಟರಿನವರು, ಕಬ್ಬು ಕಡಿಯುವ ಗ್ಯಾಂಗಿನವರು, ಅವರ ಕೂಸುಗಳು, ಚಹಾದವನು, ಎಲ್ಲರೂ ಅದರಡಿಯೇ.

ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಚನ್ನವೀರ ಕೇಳಿದ, "ನಿಮ್ಮ ಟ್ಯಾಂಕು ಏನ್ ಹೋಳಿಗಿ ಮಾಡಾಕ ಹತ್ತೈತೇನ ನೀಲಾ? ಎರಡ ದಿನ ಆತು, ಸುಟ್ಟ ಬೆಲ್ಲದ ವಾಸನಿ."

"ಕ್ಷೇಮ ಅಂತ ತೋರಸ್ತೈತಿ."

"ಕ್ಷೇಮ ಅಂದ್ರ ಎಷ್ಟ ಡಿಗ್ರಿ?"

ನೀಲಾ ಬಾಯಿಗೆ ಇಡುತ್ತಿದ್ದ ತುತ್ತನ್ನು ತಾಟಿಗೆ ಇಟ್ಟಳು. ಬಿಸಿ ಕಾಕಂಬಿಯನ್ನು ನಲವತ್ತು ಡಿಗ್ರಿಯ ಆಸುಪಾಸಿಗೆ ಆರಿಸದೆ ತುಂಬಿದರೆ ಅದು ಒಳಗೊಳಗೇ ಕೊಳೆತು ತನ್ನಷ್ಟಕ್ಕೆ ಕಾಯತೊಡಗುತ್ತದೆ. ಒಂದು ಮಟ್ಟ ದಾಟಿತೆಂದರೆ ಬೆಂಕಿ ಬೇಕಿಲ್ಲ, ತಾನೇ ಕುದಿದು, ನೊರೆಯೆದ್ದು, ಉಕ್ಕಿಬಿಡುತ್ತದೆ. ಇದು ಪಠ್ಯಪುಸ್ತಕದಲ್ಲಿರುವ ವಿಷಯ. ಮುರನಟ್ಟಿಯಲ್ಲಿ ಪಠ್ಯಪುಸ್ತಕಕ್ಕೆ ಅಂತಸ್ತು ಇರಲಿಲ್ಲ.

"ಇವತ್ತ ರಜಾ ಹಾಕ್ರಿ ನೀವು," ಎಂದಳು.

"ಇವತ್ತ? ಅಧ್ಯಕ್ಷರ ಸನ್ಮಾನ ಐತಿ ನನ್ನ ಕಾಟಾದ ಮುಂದ. ದಾಖಲೆ ಕಬ್ಬು ನುರಿಸ್ಯಾರಂತ. ಅವ್ರು ಯಾವತ್ತ ನುರಿಸಿದ್ರೋ, ನಾ ಅಂತೂ ನೋಡಿಲ್ಲ."

ಕಂಟ್ರೋಲ್ ರೂಮಿಗೆ ಹೋದವಳೇ ಟ್ಯಾಂಕ್ ಎರಡನ್ನು ವಿಚಾರಿಸಿದಳು. "ಕ್ಷೇಮರಿ ಮೇಡಮ್ಮಾರ. ನಲವತ್ತೊಂದು. ತಮ್ಮ ಆರೋಗ್ಯ ಹೆಂಗೈತ್ರಿ?" ಎಂದಿತು ಪರದೆ. ಅವಳು ಮತ್ತೆ ಕೇಳಿದಳು. "ನಲವತ್ತರಿ." ಮೂರನೇ ಸಲ ಗದರಿಸಿ ಕೇಳಿದಳು. "ಮೂವತ್ತೆಂಟರಿ. ಸಿಟ್ಟ ಆಗಬ್ಯಾಡ್ರಿ." ಮೇಲಿನವರು ಪದೇ ಪದೇ ಕೇಳಿದರೆ ಅಂಕಿ ಹಿಡಿಸಲಿಲ್ಲ ಎಂದು ಅರ್ಥ ಅಂತ ಅದು ಪರಿಶೀಲನಾ ಸಭೆಗಳಿಂದ ಸರಿಯಾಗಿಯೇ ಕಲಿತಿತ್ತು.

ಅದೇ ಪರದೆಯ ಮೂಲೆಯಲ್ಲಿ ದೊಡ್ಡ ಪಂಪು ಒಂದು ಸಣ್ಣ ವಾಲ್ವಿನ ಜೊತೆ ಆಡುತ್ತಿದ್ದ ಮಾತು ಹರಿದುಹೋಗುತ್ತಿತ್ತು. ಅಲ್ಲಿ ಆಶೀರ್ವಾದವೂ ಇಲ್ಲ, ಮೇಡಮ್ಮೂ ಇಲ್ಲ. "ಏ, ಸತ್ತೀಯೇನ? ನನ್ನ ಬೇರಿಂಗ್ ಸುಡಾಕ ಹತ್ತೈತಿ, ಪೂರಾ ತೆಗಿ" ಎಂದು ಪಂಪು ಬೈಯುತ್ತಿತ್ತು. ಬೈಗುಳದ ನಡುವೆ ಅಂಕಿಗಳಿದ್ದವು. ಆ ಅಂಕಿಗಳು ಖರೇ ಅಂಕಿಗಳು.

ನೀಲಾಳಿಗೆ ಆಗ ತಿಳಿಯಿತು. ವಿಧೇಯ ಮೇಲಕ್ಕೆ ಮಾತ್ರ ಸುಳ್ಳು ಹೇಳುತ್ತದೆ. ಕೆಳಗಿನವರಿಗೂ ಸುಳ್ಳು ಹೇಳಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಪ್ರತಿಯೊಬ್ಬರ ಅಂತಸ್ತೂ ಕೊರಳಿಗೆ ನೇತುಹಾಕಿದ ಗುರುತಿನ ಕಾರ್ಡಿನಲ್ಲಿತ್ತು. ಮೇಲೇರಬೇಕಾದರೆ ಅಧ್ಯಕ್ಷರ ಹೆಬ್ಬೆರಳ ಗುರುತು ಬೇಕು. ಕೆಳಗಿಳಿಯಲು ಯಾರ ಅನುಮತಿಯೂ ಬೇಡ. ಆ ಕೋರಿಕೆ ಯಾರಿಂದಲಾದರೂ ಬರಬಹುದೆಂದು ಕಂಪನಿಯವರು ಎಣಿಸಿರಲೇ ಇಲ್ಲ. ನೀಲಾ ತನ್ನನ್ನು ಇಳಿಸುತ್ತ ಹೋದಳು. ಬಾಯ್ಲರಿಗಿಂತ ಕೆಳಗೆ, ಪಂಪುಗಳಿಗಿಂತ ಕೆಳಗೆ, ಗಟಾರದ ವಾಲ್ವಿಗಿಂತಲೂ ಕೆಳಗೆ.

ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಆಮೇಲೆ ಇಡೀ ಕಾರ್ಖಾನೆ ಅವಳ ಮೇಲೆ ಎರಗಿತು.

"ಯಾರ ನೀ? ಹೊಸದಾಗಿ ಬಂದೀಯೇನ? ನಿಂತ ನೋಡ್ತಿ ಏನ?" ಎಂದಿತು ಗಟಾರದ ವಾಲ್ವು. ಅದಕ್ಕೆ ಬೈಯಲು ಜೀವನದಲ್ಲಿ ಮೊದಲ ಸಲ ಒಬ್ಬರು ಸಿಕ್ಕಿದ್ದರು.

"ಟ್ಯಾಂಕ್ ಎರಡು ಎಷ್ಟೈತಿ?" ನೀಲಾ ಕೇಳಿದಳು.

"ಎಪ್ಪತ್ತೊಂದು," ಎಂದಿತು ಟ್ಯಾಂಕಿನ ಉಷ್ಣಮಾಪಕ. "ಕಣ್ಣ ಕಾಣವಲ್ತೇನ? ಮ್ಯಾಲ ನೊರಿ ಎದ್ದೈತಿ. ಇನ್ನ ತಾಸಿನ್ಯಾಗ ಬಾಯಿಗೆ ಬರತೈತಿ. ನಿನಗ ಹೇಳಿ ಉಪಯೋಗ ಏನ, ಹೋಗ!"

"ಬಿಸಿ ಕಾಕಂಬಿ ಬರೋದನ್ನ ನಿಲ್ಲಸ್ರಿ. ಮ್ಯಾಲಿನ ತಣ್ಣೀರ ಬಿಡ್ರಿ."

ಒಳಹರಿವಿನ ವಾಲ್ವು ನಕ್ಕಿತು. ಅದು ನಗು ಕಲಿತದ್ದು ಯಾವ ಸಭೆಯಲ್ಲೋ. "ನೀ ನನಗ ಹೇಳ್ತಿ? ಮ್ಯಾಲಿನವ್ರು ಸುರಿ ಅಂದಾರ, ಸುರೀತೀನಿ."

ಮೇಲಿದ್ದಾಗ ಆಜ್ಞೆ ಮಾಡಬಹುದಿತ್ತು, ಏನೂ ತಿಳಿಯುತ್ತಿರಲಿಲ್ಲ. ಈಗ ಎಲ್ಲ ತಿಳಿಯುತ್ತಿತ್ತು, ಒಂದು ನಲ್ಲಿ ತಿರುವಲೂ ಆಗುತ್ತಿರಲಿಲ್ಲ. ಕರೆಂಟು ತೆಗೆದರೆ ವಾಲ್ವುಗಳು ಇದ್ದಲ್ಲೇ ನಿಲ್ಲುತ್ತವೆ, ತಣ್ಣೀರೂ ಬರುವುದಿಲ್ಲ. ಒಳಗೆ ಕುದಿಯುವುದಕ್ಕೆ ಕರೆಂಟು ಬೇಕಾಗಿಯೂ ಇಲ್ಲ. ಅವಳು ಗಲಗಲಿಯವರ ಕೋಣೆಗೆ ಓಡಿದಳು.

ಗಲಗಲಿ ಸನ್ಮಾನಕ್ಕೆ ಹೊರಡಲು ರೇಷ್ಮೆ ಶಲ್ಯ ಸರಿಮಾಡಿಕೊಳ್ಳುತ್ತಿದ್ದರು. ಕೇಳಿ, ತಮ್ಮ ಪರದೆ ನೋಡಿದರು. "ಇಲ್ಲಿ ಮೂವತ್ತಾರ ಐತಲ್ಲ ಮೇಡಂ."

"ಅದು ನಿಮಗ ಹೇಳಾಕ ಇಟಗೊಂಡ ಅಂಕಿ. ಖರೇ ಎಪ್ಪತ್ತೊಂದು."

"ನಿಮಗ್ಯಾರ ಹೇಳಿದ್ರು?"

"ಟ್ಯಾಂಕೇ ಹೇಳ್ತು. ನಾ ಗಟಾರದ ವಾಲ್ವಿಗಿಂತ ತೆಳಗ ಇಳದೀನಿ."

ಗಲಗಲಿ ಶಲ್ಯ ಬಿಟ್ಟು ಅವಳನ್ನು ನೋಡಿದರು. ಮುಖದಲ್ಲಿ ಗಾಬರಿಯಿತ್ತು, ಆದರೆ ಅದು ಟ್ಯಾಂಕಿನದಲ್ಲ. "ಎಂಥಾ ಕೆಲಸ ಮಾಡಿದ್ರಿ! ಅಷ್ಟ ತೆಳಗಿನಿಂದ ಬಂದ ಸುದ್ದೀನ ನಾ ಅಧ್ಯಕ್ಷರಿಗೆ ಹೆಂಗ ಮುಟ್ಟಿಸ್ಲಿ? ಇವತ್ತ? ಹಾರ ಹಾಕೋ ಹೊತ್ತಿನ್ಯಾಗ?"

"ನೀವು ಮುಟ್ಟಿಸಬ್ಯಾಡ್ರಿ. ನಿಮ್ಮ ಪರದೆಯಿಂದ ಮೂರು ಗುಂಡಿ ಒತ್ರಿ, ಸಾಕು."

"ಅಧ್ಯಕ್ಷರು ಭಾಷಣ ಮಾಡೋ ಹೊತ್ತಿಗೆ ನಾ ಗುಂಡಿ ಒತ್ತಿ ಏನರ ಆದ್ರ? ಏನೂ ಮಾಡದ ಆದ್ರ ಅದು ದೈವದ್ದು. ಒತ್ತಿ ಆದ್ರ ನಂದು."

ನೀಲಾ ಮೆಟ್ಟಿಲಿಳಿಯುತ್ತ ಗಂಡನಿಗೆ ಫೋನು ಹಚ್ಚಿದಳು. "ಎಲ್ಲಾರನ್ನೂ ಎಬ್ಬಿಸಿ ಹೊರಗ ಕಳಸ್ರಿ. ಟ್ಯಾಂಕು ಉಕ್ಕತೈತಿ."

ಆ ಕಡೆಯಿಂದ ಧ್ವನಿವರ್ಧಕದ ಗದ್ದಲ. "ವಾಸನಿ ನೋಡಿ ಆಗಲೇ ಹೇಳೀನಿ, ಯಾರೂ ಏಳವಲ್ರು! ನೆರಳ ಬಿಟ್ಟ ಬಿಸಲಿಗೆ ಹೋಗ್ರಿ ಅಂದ್ರ ಯಾರ ಹೊಕ್ಕಾರ? ಶಿರಾ-ಉಪ್ಪಿಟ್ಟ ಬ್ಯಾರೆ ಇಲ್ಲೇ ಹಂಚಾಕ ಹತ್ಯಾರ. ಒಬ್ಬಾವ ನನಗ ಹುಚ್ಚ ಅಂದ."

"ನೀವರ ಬರ್ರಿ."

"ಕೂಸುಗಳ ಅದಾವ ನೀಲಾ ಇಲ್ಲೆ. ನಾ ಹೆಂಗ ಬರ್ಲಿ?" ಫೋನು ಕಟ್ಟಾಯಿತು.

ವೇದಿಕೆ ಟ್ಯಾಂಕಿನ ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು. ಅಧ್ಯಕ್ಷರು ಕತ್ತಿನವರೆಗೆ ಚೆಂಡುಹೂವಿನಲ್ಲಿ ಮುಳುಗಿ, ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಮೊಮ್ಮಗನಂತೆ ಕೂರಿಸಿಕೊಂಡಿದ್ದರು. ನೀಲಾ ಹಿಂದಿನಿಂದ ವೇದಿಕೆ ಹತ್ತಿದಳು. ಬರುವ ದಾರಿಯಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಈ ಮನುಷ್ಯನಿಗೆ ನಿಜ ಹೇಳಿದರೆ ಅವನು ಅವಳ ಅಂತಸ್ತು ಕೇಳುತ್ತಾನೆ. ವಿರೋಧಿಗಳ ಕುಹಕ ಹೇಳಿದರೆ ಯಾವ ಅಂತಸ್ತೂ ಕೇಳುವುದಿಲ್ಲ.

"ಸಾಹೇಬ್ರ, ಒಂದ ಮಾತ್ರಿ. ತೆಳಗ ಮುಂದಿನ ಸಾಲಿನ್ಯಾಗ ಆ ಕಡೆ ಬಣದವ್ರು ಕುಂತಾರ."

"ಕುಂತ ಉಪ್ಪಿಟ್ಟ ತಿನ್ಲಿ."

"ತಿಂದ್ಕೋತ ನಗಾಕ ಹತ್ಯಾರ್ರಿ. ಅಧ್ಯಕ್ಷರಿಗೆ ಹಾರ ಹಾಕಿಸ್ಕೊಳ್ಳಾಕ ಬರತೈತಿ, ಒಂದ ವಾಲ್ವ್ ಮುಚ್ಚಾಕ ಬರಂಗಿಲ್ಲ, ಆ ಟ್ಯಾಬ್ಲೆಟ್ ಬರೇ ತೋರಿಕಿ ಅಂತ."

ಚೆಂಡುಹೂವುಗಳು ಅಲುಗಿದವು. "ಯಾರಂದಾವ?"

"ಎಲ್ಲಾರೂರಿ. ಎರಡನೇ ಟ್ಯಾಂಕಿನ ಒಳಗ ಬರೋ ವಾಲ್ವ್ ಮುಚ್ಚಿ ತೋರಸ್ಲಿ ನೋಡೂಣು ಅಂತ ಪಂಥ ಕಟ್ಯಾರ."

ರುದ್ರಸಾಹೇಬರು ಎದ್ದು ನಿಂತು ಮೈಕಿನ ಮುಂದೆ ಗುಡುಗಿದರು. "ಕೆಲವರಿಗೆ ನನ್ನ ತಾಂತ್ರಿಕ ಜ್ಞಾನದ ಬಗ್ಗೆ ಸಂಶಯ ಐತಂತ! ನೋಡ್ರಿ!" ಒತ್ತಿದರು. ಒಳಹರಿವಿನ ವಾಲ್ವು ನಗದೆ, ತುಟಿ ಪಿಟಕ್ಕೆನ್ನದೆ ಮುಚ್ಚಿಕೊಂಡಿತು.

"ಇದು ಯಾರಿಗರ ಬರತೈತಿ ಅಂತಾರ್ರಿ," ನೀಲಾ ಕಿವಿಯಲ್ಲಿ ಊದಿದಳು. "ಒಳಗಿನ ಕಾಕಂಬೀನ ಖಾಲಿ ಟ್ಯಾಂಕಿಗೆ ತಿರುವೋ ಪಂಪ್ ಹಚ್ಚಾಕ ಬರಂಗಿಲ್ಲಂತ."

"ನೋಡ್ರಿ!" ಅದೂ ಆಯಿತು.

"ತಣ್ಣೀರು—"

"ನೋಡ್ರಿ!"

ಟ್ಯಾಂಕಿನ ನೆತ್ತಿಯ ಮೇಲಿನ ಕೊಳವೆಗಳು ಒಂದೇ ಸಲ ತೆರೆದುಕೊಂಡವು. ನೀರು ಕಬ್ಬಿಣದ ಗೋಡೆಗುಂಟ ಜಾರಿ ವೇದಿಕೆ, ಶಾಮಿಯಾನ, ಶಿರಾ, ಉಪ್ಪಿಟ್ಟು, ಆಡಳಿತ ಮಂಡಳಿ, ಎಲ್ಲದರ ಮೇಲೂ ಧೋ ಎಂದು ಸುರಿಯಿತು. ಚನ್ನವೀರ ಗೋಗರೆದರೂ ಏಳದಿದ್ದ ಜನ ತಾಟು ತಲೆಗೆ ಹಿಡಿದು ಎದ್ದು ಓಡಿದರು. ಎಲ್ಲಕ್ಕಿಂತ ಮುಂದೆ ಓಡಿದವರು ರೇಷ್ಮೆ ಶಲ್ಯದ ಗಲಗಲಿ. ಚನ್ನವೀರ ಎರಡು ಕೂಸುಗಳನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆ ದಾಟಿದ. ಅದಾಗಿ ಚಹಾ ಕುಡಿಯುವಷ್ಟು ಹೊತ್ತಿಗೆ ಮೊದಲೇ ಎದ್ದಿದ್ದ ಕರಿ ನೊರೆ ಟ್ಯಾಂಕಿನ ಬಾಯಿಂದ ಹೊರಬಿತ್ತು. ಹೊಗೆಯಾಡುತ್ತ, ಅವಸರವಿಲ್ಲದೆ ಇಳಿದು, ಖಾಲಿ ವೇದಿಕೆಯನ್ನೂ ಖಾಲಿ ಕುರ್ಚಿಗಳನ್ನೂ ಚನ್ನವೀರನ ಗೂಡನ್ನೂ ನುಂಗಿ, ತೂಕದ ಕಾಟಾದ ಮೇಲೆ ಬಂದು ನಿಂತಿತು. ಕಾಟಾ ತೂಗಿತು.

ವಿಧೇಯ ಬರೆದುಕೊಟ್ಟ ವರದಿ ಹೀಗಿತ್ತು: ಸನ್ಮಾನ್ಯ ಅಧ್ಯಕ್ಷರ ದೂರದೃಷ್ಟಿಯಿಂದ ಒಂದು ಸಣ್ಣ ಸೋರಿಕೆ ಶುಭಕರವಾಗಿ ಮುಗಿಯಿತು. ವಿಚಾರಣೆಗೆ ಬಂದ ಅಧಿಕಾರಿ ಅದನ್ನೇ ನಕಲು ಮಾಡಿಕೊಂಡು ಹೋದ. ಮೂರು ಕಾರ್ಖಾನೆಗಳು ತಮಗೂ ವಿಧೇಯ ಬೇಕೆಂದು ಬರೆದವು. ಪ್ರಣೀತ್‌ಗೆ ಬಡ್ತಿಯಾಯಿತು.

ವಾರ ಕಳೆದು ಅಧ್ಯಕ್ಷರು ನೀಲಾಳನ್ನು ಕರೆಸಿ ಹೆಬ್ಬೆರಳು ಮುಂದೆ ಮಾಡಿದರು. "ಮ್ಯಾಲ ಬಾ ಇನ್ನ. ನನ್ನ ಬೆನ್ನಿಗೇ, ಎರಡನೇ ಅಂತಸ್ತು ಕೊಡ್ತೀನಿ."

"ಬ್ಯಾಡ್ರಿ. ಇಲ್ಲೇ ಇರ್ತೀನಿ. ಇಲ್ಲೆ ಬೈತಾರ, ಆದರ ಖರೇ ಹೇಳ್ತಾರ."

"ಹಂಗಾರ ಏನ್ ಬೇಕು?"

"ಒಂದ ಡಯಲ್ರಿ. ಮೊದಲ ಎಲ್ಲಾ ಟ್ಯಾಂಕಿಗೂ ಇದ್ವು, ಗುಜರಿಗೆ ಹಾಕಿದ್ರಿ. ಎರಡನೇ ಟ್ಯಾಂಕಿಗೆ ಗಾಡಿ ಗಾಲಿಯಷ್ಟ ದೊಡ್ಡದೊಂದು, ರಸ್ತೆ ಕಡೆ ಮುಖ ಮಾಡಿ. ಒಳಗಿನ ಬಿಸಿ ನೇರ ಮುಳ್ಳಿಗೆ. ನಡುವ ಯಾರೂ ಇರಬಾರದು."

ಅಧ್ಯಕ್ಷರು ಬಹಳ ಯೋಚಿಸಿದರು. "ನಡುವ ನನ್ನ ಫೋಟೋ ಇರಲಿ," ಎಂದರು.

ಚನ್ನವೀರನ ಗೂಡನ್ನು ಅದೇ ಜಾಗದಲ್ಲಿ ಕಟ್ಟಿಸಿಕೊಟ್ಟರು, ನೆರಳಿದೆಯೆಂದು. ಟ್ಯಾಂಕು ಮತ್ತೆ ತುಂಬಿತು. ಡಯಲೂ ಬಂತು. ಅದರ ಉದ್ಘಾಟನೆಯ ದಿನ ನೀಲಾ ಗಂಡನ ಪಕ್ಕ ನಿಂತಿದ್ದಳು. ಗಾಜಿನ ಹಿಂದೆ ಕೆಂಪು ಮುಳ್ಳು, ನಡುವೆ ಅಧ್ಯಕ್ಷರ ನಗುಮುಖ. ಮುಳ್ಳು ನಲವತ್ತೊಂಬತ್ತರ ಮೇಲಿತ್ತು. ಅಧ್ಯಕ್ಷರು ಕಾರಿನಿಂದಿಳಿದು, ಗಲಗಲಿಯವರೊಂದಿಗೆ ನಡೆದು ಬಂದು ಡಯಲಿನೆದುರು ನಿಂತರು. ಮುಳ್ಳು ಮೆಲ್ಲಗೆ ಬಾಗಿ ಮೂವತ್ತೆಂಟಕ್ಕೆ ಬಂದು ಕೈಕಟ್ಟಿ ನಿಂತಿತು. ಚಪ್ಪಾಳೆ ಬಿತ್ತು.

"ಇದನ್ನ ವಿಧೇಯಕ್ಕ ಜೋಡಿಸೀರೇನ್ರಿ?" ನೀಲಾ ಗಲಗಲಿಯವರನ್ನು ಕೇಳಿದಳು.

"ಮತ್ತ? ಒಂದ ಕಾರ್ಖಾನೆಗೆ ಎರಡ ಪದ್ಧತಿ ಯಾಕ ಮೇಡಂ?"

ಅಧ್ಯಕ್ಷರು ಹೋದರು. ಮುಳ್ಳು ನಲವತ್ತೆರಡಕ್ಕೆ ಏರಿತು. ಗಲಗಲಿಯವರೂ ಹೋದರು. ಕಬ್ಬು ಕಡಿಯುವ ಹೆಂಗಸೊಬ್ಬಳು ಬಂದು ಆ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ ಸೆರಗು ಸರಿಮಾಡಿಕೊಂಡಳು. ಅವಳ ಕೊರಳಲ್ಲಿ ಯಾವ ಕಾರ್ಡೂ ಇರಲಿಲ್ಲ. ಮುಳ್ಳು ಯಾವ ಮುಲಾಜೂ ಇಲ್ಲದೆ ಐವತ್ತಕ್ಕೆ ಹೋಯಿತು.

ಚನ್ನವೀರ ಹೆಂಡತಿಯ ಮುಖ ನೋಡಿದ. ಗೂಡಿನೊಳಗೆ ಹೋಗಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಬಂದು, ಟ್ರ್ಯಾಕ್ಟರುಗಳ ಸಾಲು ದಾಟಿ ರಸ್ತೆಯ ಆಚೆಗೆ ನಡೆದ.

"ಎಲ್ಲಿಗ ಹೊಂಟ್ರಿ ಕಾಟಾ ಸಾಹೇಬ್ರ?" ನೆರಳಲ್ಲಿ ಕೂತಿದ್ದ ಒಬ್ಬ ಡ್ರೈವರ್ ಕೂಗಿದ.

"ಬಿಸಲಿಗೆ," ಎಂದ ಚನ್ನವೀರ. "ನೀವೂ ಬರ್ರಿ."